ಹುಂಜ ಇದ್ದದ್ದು ಬೆನ್ನಿನ ಕಡೆ

ಕಳೆದ ಶನಿವಾರ ನಾನು ಒಬ್ಬ ಬಾಕ್ಸಿಂಗ್ ಚಾಂಪಿಯನ್ನನಿಗೆ ಅಪ್ಪಟ ಧಾರವಾಡದ ಕನ್ನಡದಲ್ಲಿ ಬೈದೆ.

"ಲೇ, ಒಮ್ಮೆ ಆ ಕಡೆ ಹೊಳ್ಳೋ ಮಾರಾಯಾ."

(ಹೊಳ್ಳು ಅಂದರೆ ತಿರುಗು. ಮೈಸೂರು ಕಡೆಯ ಓದುಗರಿಗಾಗಿ.)

ಅವನಿದ್ದದ್ದು ಹ್ಯೂಸ್ಟನ್‌ನ ರಿಂಗಿನಲ್ಲಿ. ನಾನಿದ್ದದ್ದು ಡಲ್ಲಾಸ್‌ನಲ್ಲಿ, ರಮೀರೋನ ಮನೆಯ ಟಿವಿ ಎದುರು. ಅವನಿಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ತಿರುಗುತ್ತಿರಲಿಲ್ಲ. ಕ್ಯಾಮೆರಾ ಎದುರಿಗೆ ಇರುವಾಗ ಬೆನ್ನು ತೋರಿಸುವವರು ಯಾರಿದ್ದಾರೆ?

ನನಗೆ ಬಾಕ್ಸಿಂಗ್‌ನ ತಲೆಬುಡ ಗೊತ್ತಿಲ್ಲ. ಮತ್ತೆ ಬೈದದ್ದು ಯಾಕೆ? ಹೇಳುತ್ತೇನೆ.

ಪೇಪರಿನ ಈ ಅಂಕಣದ ಹಳೆಯ ಓದುಗರಿಗೆ ನನ್ನ ಕಸುಬು ಗೊತ್ತು. ಹೊಸಬರಿಗೆ ಎರಡು ಮಾತು. ಡಲ್ಲಾಸ್ ಪಕ್ಕದ ಅರ್ವಿಂಗ್‌ನಲ್ಲಿ ನನ್ನದೊಂದು ಕುಶನ್ ಅಂಗಡಿ ಇದೆ. ಸೋಫಾ, ಕಾರಿನ ಸೀಟು, ಹೋಟೆಲಿನ ಬೆಂಚು ಎಲ್ಲ ಮಾಡುತ್ತೇವೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹುಬ್ಬಳ್ಳಿಯಲ್ಲಿ ಲಾರಿ ಸೀಟು ಹೊಲಿಯುವುದರಿಂದ ಶುರು ಮಾಡಿದವನು ನಾನು. ಹೆಂಡತಿಯ ಅಣ್ಣ ಅರ್ಜಿ ಹಾಕಿ ಇಲ್ಲಿಗೆ ಕರೆಸಿಕೊಂಡ. ಉಳಿದದ್ದನ್ನು ನನ್ನ ಕೈ ಮಾಡಿತು. ಇವತ್ತು ಇಲ್ಲೇ ಹತ್ತಿರದ ಲಾಸ್ ಕೊಲಿನಾಸ್‌ನ ಆಫೀಸುಗಳಲ್ಲಿ ನಮ್ಮ ಕನ್ನಡದ ಹುಡುಗರು ಮೀಟಿಂಗಿಗೆ ಕೂರುವ ಎಷ್ಟೋ ಕುರ್ಚಿಗಳ ಹೊಲಿಗೆ ನನ್ನದು. (ಮೀಟಿಂಗ್ ಬೇಗ ಮುಗಿಯದಿದ್ದರೆ ಆ ತಪ್ಪೂ ನನ್ನದೇ. ಬಹಳ ಮೆತ್ತಗಿವೆ.)

ರಮೀರೋ ನನ್ನ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಮೆಕ್ಸಿಕೋದ ಗುಡ್ಡಗಾಡಿನವನು, ಅಲ್ಲಿಯ ಮೂಲನಿವಾಸಿಗಳಾದ ಒತೊಮಿ ಜನರ ಪೈಕಿ. ನನ್ನನ್ನು 'ಹೆಫೆ' ಎನ್ನುತ್ತಾನೆ, ಅಂದರೆ ಯಜಮಾನ. ಅವನ ತಾಯಿ ಲೂಪೆ ಈಗ ಊರಿನಿಂದ ಬಂದಿದ್ದಾರೆ, ಹೊಸ ಮೊಮ್ಮಗನನ್ನು ಎತ್ತಿ ಆಡಿಸಲು. ಎಲ್ಲರೂ ಅವರನ್ನು 'ದೋನ್ಯಾ ಲೂಪೆ' ಎನ್ನುತ್ತಾರೆ. ನಾವು ಅಮ್ಮಾವರು ಅನ್ನುತ್ತೇವಲ್ಲ, ಹಾಗೆ.

ಮೆಕ್ಸಿಕೋದವರಿಗೆ ಬಾಕ್ಸಿಂಗ್ ಅಂದರೆ ನಮಗೆ ಕ್ರಿಕೆಟ್ ಇದ್ದ ಹಾಗೆ. ಅವರ ಹಬ್ಬದ ದಿನಗಳಲ್ಲಿ ದೊಡ್ಡ ಪಂದ್ಯ ಇರುತ್ತದೆ. ಗೆದ್ದವನಿಗೆ ಕೊಡುವುದು ಫ್ಯಾಕ್ಟರಿಯ ಬೆಲ್ಟ್ ಅಲ್ಲ. ಅಲ್ಲಿಯ ಮೂಲನಿವಾಸಿ ಕುಶಲಕರ್ಮಿಗಳು ಕೈಯಿಂದಲೇ ಮಾಡಿದ ಬೆಲ್ಟ್. ಒಂದು ಸಲ ಬಣ್ಣದ ಮಣಿ ಕೂರಿಸಿದ್ದು, ಇನ್ನೊಂದು ಸಲ ಚರ್ಮದಲ್ಲಿ ಕೆತ್ತಿದ್ದು. ಈ ಸಲ ಕಸೂತಿ. ಅದನ್ನು ಮಾಡಿದವರು ದೋನ್ಯಾ ಲೂಪೆಯ ಊರಿನ ಹೆಂಗಸರು. ಒಬ್ಬೊಬ್ಬರಿಗೆ ಒಂದೊಂದು ಪ್ರಾಣಿ: ಜಿಂಕೆ, ಮೊಲ, ಹಕ್ಕಿ. ದೋನ್ಯಾ ಲೂಪೆಯ ಪಾಲಿಗೆ ಬಂದದ್ದು ಪಟ್ಟಿಯ ಎಡತುದಿಯ ಕೆಂಪು ಹುಂಜ.

ಹುಂಜ ಮುಗಿಸಿ ಕೊಟ್ಟು ವಿಮಾನ ಹತ್ತಿದ್ದರು. ಬಟ್ಟೆ ಪಟ್ಟಣಕ್ಕೆ ಹೋಗಿ ಚರ್ಮದ ಮೇಲೆ ಕೂತು ಬೆಲ್ಟ್ ಆಗಿದ್ದನ್ನು ಅವರು ನೋಡಿರಲಿಲ್ಲ. ಊರಿನಲ್ಲಿ ಉಳಿದ ಹೆಂಗಸರೆಲ್ಲ ಅವತ್ತು ಒಂದೇ ಮನೆಯಲ್ಲಿ ಸೇರಿ ಪಂದ್ಯ ನೋಡುವವರಿದ್ದರು. ಇವರೊಬ್ಬರು ಮಾತ್ರ ಡಲ್ಲಾಸ್‌ನಲ್ಲಿ.

"ಅಮ್ಮ ಊಟಾನೇ ಸರಿಯಾಗಿ ಮಾಡ್ತಿಲ್ಲ ಹೆಫೆ. ನೀವೂ ಮೇಡಮ್ಮೂ ಬನ್ನಿ, ಮನೆ ತುಂಬಿದ ಹಾಗಿರುತ್ತೆ" ಅಂದ ರಮೀರೋ. ಹೋದೆವು. (ಅವರೆಲ್ಲರ ಮಾತನ್ನು ರಮೀರೋ ಇಂಗ್ಲಿಷಿಗೆ ತಂದ, ನಾನು ಕನ್ನಡಕ್ಕೆ ತಂದಿದ್ದೇನೆ. ತಪ್ಪಿದ್ದರೆ ಇಬ್ಬರದೂ.)

ನನ್ನ ಹೆಂಡತಿ ಗಿರಿಜಾ ಹೋದವಳೇ ಅಲ್ಲಿದ್ದ ಕಸೂತಿಯ ಮೇಜುಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡಿದಳು. ನನಗೆ ನಾಚಿಕೆಯಾಯಿತು. ಏನು ಮಾಡುವುದು? ಧಾರವಾಡದ ಕಡೆ ಕಸೂತಿ ಬಲ್ಲ ಹೆಂಗಸರ ಅಭ್ಯಾಸವೇ ಅದು. ನಮ್ಮ ಗವಂತಿ ಹೊಲಿಗೆ ಎರಡೂ ಬದಿಗೆ ಒಂದೇ ರೀತಿ ಕಾಣಬೇಕು, ಗಂಟು ಕಾಣಕೂಡದು. ಹಾಗಾಗಿ ಅವರು ಮೊದಲು ನೋಡುವುದೇ ಹಿಂಬದಿ.

"ನೋಡ್ರಿ, ದಾರ ಎಲ್ಲಾ ಮುಂದನ ಇಟ್ಟಾರ. ಹಿಂದ ಖರ್ಚ ಇಲ್ಲ. ಭಾರಿ ಶಾಣ್ಯಾರದಾರ" ಅಂದಳು.

ದೋನ್ಯಾ ಲೂಪೆಗೆ ಕೋಪ ಬರಲಿಲ್ಲ. ಮಗನಿಗೆ ಏನೋ ಹೇಳಿ, ಗಿರಿಜಾಳನ್ನು ತಮ್ಮ ಪಕ್ಕಕ್ಕೇ ಎಳೆದು ಕೂರಿಸಿಕೊಂಡರು.

"ಏನಂದ್ರು?" ಅಂದೆ.

"ಈ ಮನೆಗೆ ಬಂದವರಲ್ಲಿ ಹಿಂದೆ ತಿರುಗಿಸಿ ನೋಡಿದವಳು ಇವಳೇ ಮೊದಲು ಅಂತ."

ಅಷ್ಟರಲ್ಲಿ ಊರಿನ ಹೆಂಗಸರು ವೀಡಿಯೋ ಕಾಲಿಗೆ ಬಂದರು. ರಮೀರೋ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ನಿಲ್ಲಿಸಿದ. ಇಲ್ಲಿ ಒಂದು ಟಿವಿ, ಅಲ್ಲಿ ಒಂದು ಟಿವಿ, ನಡುವೆ ಫೋನು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು.

ಯಾರು ಗೆಲ್ಲಬೇಕು ಅಂತ ದೋನ್ಯಾ ಲೂಪೆಯನ್ನು ಕೇಳಿದೆ.

"ಯಾರಾದ್ರೂ ಗೆಲ್ಲಲಿ. ಬೆಲ್ಟ್ ನೆಟ್ಟಗೆ ಹಿಡ್ಕೊಳ್ಳಲಿ. ನನ್ನ ಹುಂಜ ಕಾಣಲಿ."

"ಗೆದ್ದ ಖುಷೀಲಿ ತಲೆಕೆಳಗೆ ಹಿಡಿಯೋರೇ ಜಾಸ್ತಿ ಅಮ್ಮ" ಅಂದ ಮಗ.

"ಹಾಗೆ ಹಿಡಿದ್ರೆ ಅವನು ಸೋತ ಲೆಕ್ಕ."

ಪಂದ್ಯದ ಬಗ್ಗೆ ನಾನು ಬರೆಯುವುದಿಲ್ಲ. ಇಬ್ಬರು ಹೊಡೆದಾಡಿದರು, ಒಬ್ಬ ಗೆದ್ದ. ಬೆಲ್ಟ್ ಬಂತು. ನಡುವೆ ದೊಡ್ಡ ಬಂಗಾರದ ಬಣ್ಣದ ಬಿಲ್ಲೆ, ಅದರ ಎರಡೂ ಕಡೆ ಬಿಳಿ ಬಟ್ಟೆಯ ಮೇಲೆ ಕುಣಿಯುವ ಪ್ರಾಣಿಗಳು. ಫೋನಿನಲ್ಲಿ ಒಬ್ಬಾಕೆ ತನ್ನ ಜಿಂಕೆಯನ್ನು ಗುರುತು ಹಿಡಿದು ಕಿರುಚಿದಳು. ನಾವು ಹುಂಜ ಹುಡುಕುವಷ್ಟರಲ್ಲಿ ಗೆದ್ದವನು ಬೆಲ್ಟನ್ನು ಟವೆಲಿನ ಹಾಗೆ ಎಡ ಹೆಗಲಿಗೆ ಹಾಕಿಕೊಂಡ. ಬಿಲ್ಲೆ ಎದೆಯ ಮೇಲೆ ಬಂತು. ಎಡತುದಿ ಬೆನ್ನಿನ ಕಡೆ ಹೋಯಿತು, ಹುಂಜದ ಸಮೇತ.

ಶುರುವಾಯಿತು ಸಂದರ್ಶನ. ಅವನು ದೇವರಿಗೆ ಥ್ಯಾಂಕ್ಸ್ ಹೇಳಿದ. ಕೋಚಿಗೆ ಹೇಳಿದ. ಹ್ಯೂಸ್ಟನ್‌ಗೆ ಹೇಳಿದ. ಕೂಲ್‌ಡ್ರಿಂಕ್ ಕಂಪನಿಗೂ ಹೇಳಿದ. ಹುಂಜ ಹೊಲಿದವರ ಹೆಸರು ಬರಲಿಲ್ಲ. (ಬರುತ್ತದೆ ಅಂತ ನಾನೂ ಕಾದಿದ್ದೆ, ಹುಚ್ಚ.) ದೋನ್ಯಾ ಲೂಪೆ ಕುರ್ಚಿಯ ತುದಿಗೆ ಬಂದು ಟಿವಿಯ ಅಂಚಿನಿಂದ ಆಚೆ ಇಣುಕುತ್ತಿದ್ದರು, ಹಾಗೆ ನೋಡಿದರೆ ಅವನ ಬೆನ್ನು ಕಾಣಬಹುದು ಎನ್ನುವಂತೆ.

"ಹಿಂದ ತೋರ್ಸು ಅಂತ ಹೇಳ್ರಿ ಅವಂಗ" ಅಂದಳು ಗಿರಿಜಾ.

"ಯಾರಿಗೆ ಹೇಳ್ಲಿ?"

"ಯಾರಿಗರ ಹೇಳ್ರಿ. ಊರ ಮಂದಿಗೆಲ್ಲಾ ಬುದ್ಧಿ ಹೇಳ್ತಿರಲ್ಲ, ಪೇಪರ್‌ನ್ಯಾಗ."

ಆಗಲೇ ನಾನು ಬೈದದ್ದು.

ಸಂದರ್ಶನ ಮುಗಿಯಿತು. ಇನ್ನೇನು ಜಾಹೀರಾತು ಬರಬೇಕು, ಅಷ್ಟರಲ್ಲಿ ಅವನು ರಿಂಗಿನ ಆ ಮೂಲೆಗೆ ನಡೆದ. ಅಲ್ಲಿ ಸೋತವನು ಸ್ಟೂಲಿನ ಮೇಲೆ ಕೂತು ಮುಖ ಒರೆಸಿಕೊಳ್ಳುತ್ತಿದ್ದ. ಇವನು ಬಗ್ಗಿ ಅವನನ್ನು ತಬ್ಬಿಕೊಂಡ.

ಬೆನ್ನು ನಮ್ಮ ಕಡೆ ಬಂತು. ಬೆನ್ನ ತುಂಬ ಹುಂಜ. ಕೆಂಪು ಮೈ, ನೀಲಿ ಬಾಲ, ಬೆವರಿದ ಬೆನ್ನಿನ ಮೇಲೆ ಉಸಿರಾಡುತ್ತಿರುವ ಹಾಗೆ ಏರಿ ಇಳಿಯುತ್ತಿತ್ತು.

ನನ್ನ ಕೆಲಸದ ಮೇಲೆ ಜನ ಕೂರುತ್ತಾರೆ. ದೋನ್ಯಾ ಲೂಪೆಯ ಕೆಲಸವನ್ನು ಚಾಂಪಿಯನ್ ಹೆಗಲ ಮೇಲೆ ಹೊತ್ತಿದ್ದ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ನಾವೆಲ್ಲ ಚಪ್ಪಾಳೆ ತಟ್ಟಿದೆವು. ದೋನ್ಯಾ ಲೂಪೆ ಟಿವಿ ನೋಡಿದವರೇ ತಟ್ಟನೆ ಫೋನಿನ ಕಡೆ ತಿರುಗಿದರು. ಅಲ್ಲಿ ಹೆಂಗಸರು ಇನ್ನೂ "ತಿರುಗು, ತಿರುಗು" ಅಂತ ಕೂಗುತ್ತಲೇ ಇದ್ದರು. ಅವರ ಟಿವಿಗೆ ಚಿತ್ರ ನಮಗಿಂತ ಸ್ವಲ್ಪ ತಡವಾಗಿ ಬರುತ್ತಿತ್ತು. ಅಷ್ಟು ಹೊತ್ತು ಹುಂಜ ಕಂಡ ಸುದ್ದಿ ಇಟ್ಟುಕೊಂಡು ಇವರು ಒಬ್ಬರೇ ಕಾದರು. ಕೋಣೆಯಲ್ಲಿ ನಾವಿಷ್ಟು ಜನ ಇದ್ದೆವು. ಆದರೂ ಒಬ್ಬರೇ.

ಆಮೇಲೆ ಅಲ್ಲಿ ಗದ್ದಲವೋ ಗದ್ದಲ. ಒಬ್ಬಾಕೆ ಏನೋ ಅಂದಳು, ಉಳಿದವರು ಬಿದ್ದು ಬಿದ್ದು ನಕ್ಕರು, ದೋನ್ಯಾ ಲೂಪೆಯೂ ಕಣ್ಣೊರೆಸಿಕೊಂಡು ನಕ್ಕರು. ಹುಂಜದ ಒಂದು ಕಾಲು ಗಿಡ್ಡ ಆಗಿದೆಯಂತೆ. ಇವರು ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ಅವರವರಲ್ಲೇ ಮಾತು ಹತ್ತಿಕೊಂಡಿತು. ಯಾರೋ ಫೋನನ್ನು ಅಂಗಾತ ಇಟ್ಟರು. ನಮಗೆ ಕಾಣುತ್ತಿದ್ದದ್ದು ತಗಡಿನ ಮಾಡು ಮಾತ್ರ. ಮಾತು ದೂರದಿಂದ ಕೇಳುತ್ತಿತ್ತು. ದೋನ್ಯಾ ಲೂಪೆ ಫೋನನ್ನು ಕಿವಿಗೆ ಹಿಡಿದುಕೊಂಡು ಬಹಳ ಹೊತ್ತು ಹಾಗೇ ಕೂತರು.

"ನಾವೆಲ್ಲ ಚೆನ್ನಾಗಿದೆ ಅಂದ್ವಲ್ಲಮ್ಮ" ಅಂದ ರಮೀರೋ.

"ಅಂತೀರಪ್ಪ. ಕಾಲು ಗಿಡ್ಡ ಇದ್ದದ್ದು ನಿಮ್ಮಲ್ಲಿ ಯಾರಿಗಾದ್ರೂ ಕಾಣಿಸ್ತಾ?"

ಫೋನನ್ನು ಮಗನ ಕೈಗಿಟ್ಟರು.

"ಊರಿನ ಟಿಕೆಟ್ ಇನ್ನೂ ಮುಂಚೆ ಹಾಕ್ಸು. ಬೇಗ ಹೋಗ್ಬೇಕು."

"ಮಗೂಗೆ ಹೆಸರಿಡೋದಾದ್ರೂ ಮುಗೀಲಿ."

"ಮುಗಿಸ್ಕೊಂಡೇ ಹೋಗ್ತೀನಿ. ನಾನು ಹೋಗಿ ಸೇರೋವರೆಗೂ ಅವರು ಈ ಗಿಡ್ಡ ಕಾಲಿನ ಮಾತು ಆಡ್ತಾ ಇರ್ಬೇಕಲ್ಲ."

ವಾಪಸ್ ಬರುವಾಗ ಕಾರಿನಲ್ಲಿ ಗಿರಿಜಾ ಹೇಳಿದಳು, "ಕಾಲು ಖರೇನ ಗಿಡ್ಡ ಇತ್ತರಿ."

"ನಿನಗೆ ಕಂಡಿತ್ತಾ? ಮತ್ತೆ ಹೇಳಬೇಕಿತ್ತಲ್ಲ."

"ಹೆಂಗ ಹೇಳ್ಲಿ? ನಮ್ಮ ಮಂದಿ ಆಗಿದ್ರ ಹೇಳ್ತಿದ್ದೆ."

ಮೊನ್ನೆ ಆಸ್ಟಿನ್‌ಗೆ ಹೋಗಿ ಒಂದು ಸೋಫಾ ಕೊಟ್ಟು ಬಂದೆ. ಡೊಮೇನ್ ಬಡಾವಣೆಯ ಹತ್ತಿರದ ಅಪಾರ್ಟ್‌ಮೆಂಟು, ಬೆಂಗಳೂರಿನ ಜೋಡಿ, ಒಳ್ಳೆಯ ಮಕ್ಕಳು. "ಸೂಪರ್ ಅಂಕಲ್" ಅಂದರು. ನಾನು ನಿಂತಿರುವಾಗಲೇ ಫೋನಿನಲ್ಲಿ ನನ್ನ ಅಂಗಡಿಗೆ ಫೈವ್ ಸ್ಟಾರ್ ಒತ್ತಿದರು. ಹಿಂಬದಿಯ ಎಡ ಮೂಲೆಯಲ್ಲಿ ಪೈಪಿಂಗ್ (ಅಂಚಿನ ಹೊಲಿಗೆಗೆ ಕೂರಿಸುವ ದುಂಡನೆಯ ಪಟ್ಟಿ) ಒಂದು ಕೂದಲಷ್ಟು ಅಲೆಯಾಗಿತ್ತು. ನನಗೆ ಗೊತ್ತಿತ್ತು. ಗೋಡೆಗೆ ತಾಗಿಸಿ ಇಟ್ಟರು. ಮುಗಿಯಿತು.

ಹುಬ್ಬಳ್ಳಿಯಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದ್ ಒಬ್ಬರಿದ್ದರು. ಈಗಿಲ್ಲ. ಸೀಟು ಮುಗಿಸಿ ಮುಂದಿಟ್ಟರೆ ಅವರು ಕಣ್ಣಿನಿಂದ ನೋಡುತ್ತಿರಲಿಲ್ಲ. ಹೆಬ್ಬೆರಳನ್ನು ಪೈಪಿಂಗ್ ಗುಂಟ ಹಾಯಿಸುತ್ತಿದ್ದರು. ಸರಿ ಇದ್ದರೆ "ಹೂಂ". ಇಲ್ಲದಿದ್ದರೆ ಒಂದು ಮಾತೂ ಆಡದೆ ನನ್ನ ಕೈಗೆ ಬ್ಲೇಡ್ ಕೊಟ್ಟು ಚಹಾ ಕುಡಿಯಲು ಹೋಗುತ್ತಿದ್ದರು. ಬಿಚ್ಚು, ಮತ್ತೆ ಹೊಲಿ ಅಂತ ಅರ್ಥ. ಆಗ ಎಷ್ಟು ಸಿಟ್ಟು ಬರುತ್ತಿತ್ತು.

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್, ಮೂರೂ ಊರಿನಲ್ಲಿ ನನ್ನ ಕೈಕೆಲಸ ಇದೆ. ಸ್ಟಾರ್ ಕೊಡುವವರಿಗೆ ಕಡಿಮೆಯಿಲ್ಲ.

ಬ್ಲೇಡ್ ಕೊಡುವವರು ಯಾರಾದರೂ ಇದ್ದೀರಾ?