ಹವಳ ಉಳಿಸಿದ ತೊಟ್ಟಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮತ್ಸ್ಯಾಲಯದ ಗೋಡೆಯುದ್ದಕ್ಕೂ ಇರುವ ಉಪ್ಪುನೀರಿನ ತೊಟ್ಟಿಯ ಮುಂದೆ ಒಬ್ಬ ಹೆಂಗಸು ಮಂಡಿಯೂರಿ, ಗಾಜಿಗೆ ಮೂಗು ತಾಗಿಸಿಕೊಂಡು, ಹವಳದ ಸಂದಿಗೆ ಕೆಂಪು ಟಾರ್ಚು ಬಿಡುತ್ತಿದ್ದಾರೆ. ಥಟ್ಟನೆ ಉಸಿರು ಬಿಗಿಹಿಡಿದು ಕಾವಲುಗಾರನನ್ನು ಕೈಸನ್ನೆಯಲ್ಲೇ ಕರೆಯುತ್ತಾರೆ. ‘ಸದ್ದು ಮಾಡ್ಬೇಡ, ಊಟಕ್ಕೆ ಕೂತಿದೆ.’

ಊಟಕ್ಕೆ ಕೂತಿರುವುದು ಉಗುರಿನಷ್ಟು ಉದ್ದದ, ಮೈತುಂಬ ಬಿಳಿ ಗರಿಗಳಂಥ ಎಳೆಗಳಿರುವ, ಚಿಪ್ಪಿಲ್ಲದ ಕಡಲ ಬಸವನಹುಳು. ಅದರ ಬಾಯಿಗೆ ಸಿಕ್ಕಿರುವುದು ಕಂದು ಬಣ್ಣದ ಕಡಲಹೂವು. ಹೆಸರಿಗಷ್ಟೇ ಹೂವು, ಹವಳದ ಪಕ್ಕ ಬೀಡುಬಿಟ್ಟು ಅದನ್ನೇ ಕುಟುಕಿ ಸಾಯಿಸುವ ಪ್ರಾಣಿ.

ಇಲ್ಲಿ ಎಲ್ಲರ ಬಾಯಲ್ಲೂ ಇವರು ತೊಟ್ಟಿಯಕ್ಕ. ಗಾಜು ಒರೆಸಲು ಸೇರಿದವರು ಮೇಲ್ವಿಚಾರಕರ ಹಿಂದೆಮುಂದೆ ಓಡಾಡುತ್ತಲೇ ನೀರು, ಉಪ್ಪು, ಹವಳಗಳ ಮರ್ಜಿ ತಿಳಿದುಕೊಂಡರು. ಹೊಸ ಬಂಡೆಯೊಂದಕ್ಕೆ ಅಂಟಿಕೊಂಡು ಕಡಲಹೂವೆಂಬ ಈ ಕಳೆ ಬಂದಾಗ, ಕಿತ್ತೆಸೆದರಾಯಿತು ಎಂದುಕೊಂಡಿದ್ದರು. ‘ಕಿತ್ತಷ್ಟೂ ಜಾಸ್ತಿ ಆಯ್ತು. ಒಂದು ಚೂರು ಉಳಿದ್ರೂ ಸಾಕು, ಅದೇ ಇನ್ನೊಂದಾಗುತ್ತೆ.’

ಗಟ್ಟಿಯಾಗಿ ಕಲಸಿದ ಸುಣ್ಣವನ್ನು ಸಿರಿಂಜಿನಲ್ಲಿ ತುಂಬಿ ಒಂದೊಂದರ ಬಾಯಿಗೂ ಹಾಕಿದರು. ಕೈಗೆ ಎಟುಕಿದವು ಸತ್ತವು, ಸಂದಿಯಲ್ಲಿದ್ದವು ಹಬ್ಬಿದವು. ನೇರಳೆ ಹವಳದ ಅಂಚು ಬಿಳಿಚಿಕೊಂಡಿತು. ತೊಟ್ಟಿ ಬರಿದುಮಾಡಿ ಬಂಡೆಗಳನ್ನು ಒಣಗಿಸದೆ ಗತಿಯಿಲ್ಲ ಎಂದರು ಮೇಲ್ವಿಚಾರಕರು. ಹಾಗೆ ಮಾಡಿದರೆ ಹವಳವೂ ಹೋದಂತೆಯೇ. ಇನ್ನೊಂದೇ ಒಂದು ದಾರಿ ನೋಡೋಣ ಎಂದು ತೊಟ್ಟಿಯಕ್ಕ ಅಂಗಲಾಚಿದರು.

ಈ ಕಳೆ ಬಿಟ್ಟು ಬೇರೇನನ್ನೂ ತಿನ್ನದ ಬಸವನಹುಳುಗಳನ್ನು ಕೊನೆಗೆ ಮೇಲ್ವಿಚಾರಕರೇ ಹುಡುಕಿ ತರಿಸಿದರು. ಬಿಟ್ಟಿದ್ದೇ ತಡ, ಕೆಲವನ್ನು ಮೀನುಗಳು ನುಂಗಿದವು, ಕೆಲವನ್ನು ಪಂಪು ಎಳೆದುಕೊಂಡಿತು. ಅಳಿದುಳಿದ ಎರಡನ್ನು ತೊಟ್ಟಿಯಕ್ಕ ಹಿಂದಿನ ಕೋಣೆಯಲ್ಲಿ ಗಾಜಿನ ಭರಣಿಗೆ ಹಾಕಿದರು. ಅವುಗಳ ಹೊಟ್ಟೆಗೆ ಬೇಕಲ್ಲ? ಪಕ್ಕದ ಬಕೆಟ್ಟಿನಲ್ಲಿ ಅದೇ ಕಳೆಯನ್ನು ಸಾಕತೊಡಗಿದರು. ವಿಷಯ ತಿಳಿದು ಮನೆಯಲ್ಲಿ ಅವರ ಅತ್ತೆ ಬಿದ್ದುಬಿದ್ದು ನಕ್ಕರು. ‘ಕೊಲ್ತೀನಿ ಅಂತ ಹೊರಟೋಳು ಅದಕ್ಕೇ ತುತ್ತು ತಿನ್ನಿಸ್ತಾ ಕೂತಿದ್ದೀಯಲ್ಲೇ.’

ಒಂದು ಬೆಳಿಗ್ಗೆ ಭರಣಿಯ ಗಾಜಿಗೆ ಬಿಳಿ ದಾರದ ಸುರುಳಿಯೊಂದು ಅಂಟಿತ್ತು. ಮೊಟ್ಟೆಗಳು! ಮೇಲ್ವಿಚಾರಕರಿಗೆ ಫೋನು ಮಾಡಿದ ತೊಟ್ಟಿಯಕ್ಕ ‘ಬೇಗ ಬನ್ನಿ’ ಎಂದಷ್ಟೇ ಕೂಗಿ ಇಟ್ಟುಬಿಟ್ಟರು. ತೊಟ್ಟಿ ಒಡೆದೇಹೋಗಿದೆ ಎಂದುಕೊಂಡು ಮೇಲ್ವಿಚಾರಕರು ಎಡಗಾಲಿಗೊಂದು, ಬಲಗಾಲಿಗೊಂದು ಬೇರೆಬೇರೆ ಜೋಡಿಯ ಚಪ್ಪಲಿ ಮೆಟ್ಟಿಕೊಂಡು ಓಡಿಬಂದರು. ಆಮೇಲೆ ಇಬ್ಬರೂ ಭರಣಿಯ ಮುಂದೆ ಮಕ್ಕಳಂತೆ ಕೂತುಬಿಟ್ಟರಂತೆ.

ಮರಿಗಳು ಬಲಿತ ಮೇಲೆ, ಹುಳು ತಿನ್ನುವ ಮೀನುಗಳನ್ನು ಬೇರೆಡೆ ಸಾಗಿಸಿ, ಪಂಪಿನ ಬಾಯಿಗೆ ಸ್ಪಂಜು ಕಟ್ಟಿ, ಎಲ್ಲವನ್ನೂ ದೊಡ್ಡ ತೊಟ್ಟಿಗೆ ಬಿಟ್ಟರು. ಈಗ ಕಳೆ ಹುಡುಕಿದರೂ ಸಿಗುವುದು ಅಪರೂಪ. ನೇರಳೆ ಹವಳ ಹೊಸ ಅಂಚು ಕಟ್ಟುತ್ತಿದೆ.

ಬೇರೊಂದು ಊರಿನ ಮತ್ಸ್ಯಾಲಯಕ್ಕೂ ಇದೇ ಕಾಟವಂತೆ. ಇಂದು ಅಲ್ಲಿಗೆ ಒಂದು ಡಬ್ಬಿ ತುಂಬ ಹುಳುಗಳು ಹೊರಟಿವೆ. ವ್ಯಾನಿನ ಸೀಟಿನ ಮೇಲೆ ಟವೆಲ್ಲು ಸುತ್ತಿ ಡಬ್ಬಿ ಕೂರಿಸಿದ ತೊಟ್ಟಿಯಕ್ಕ ಡ್ರೈವರನಿಗೆ ಹೇಳುತ್ತಾರೆ: ‘ಗುಂಡೀಲಿ ಹಾರಿಸ್ಬೇಡಪ್ಪ, ಒಳಗೆ ನಮ್ಮನೆ ಮಕ್ಕಳಿದಾರೆ. ಅಲ್ಲಿ ಮೊಟ್ಟೆ ಇಟ್ರೆ ನಂಗೊಂದು ಫೋನ್ ಮಾಡೋಕೆ ಹೇಳು. ಎಷ್ಟು ಹೊತ್ತಿಗಾದ್ರೂ ಸರಿ.’