ಹನ್ನೆರಡು ಬುರುಜು ದಾಟಿ ತಂಗಿಯ ಊರಿಗೆ

ಕತ್ತರಿಯಕ್ಕನ ಬಗ್ಗೆ ಹೇಳುವುದಾದರೆ ಮೊದಲು ಅವಳ ಕಾಲಿನ ಬಗ್ಗೆ ಹೇಳಬೇಕು. ನಾಲಿಗೆಯ ಬಗ್ಗೆ ಊರೇ ಹೇಳುತ್ತೆ, ನಾನು ಬೇರೆ ಬಾಯಿ ನೋಯಿಸಿಕೊಳ್ಳುವುದು ಬೇಡ. ಮೂವತ್ತೆಂಟು ವರ್ಷ ಟೇಲರ್ ಅಂಗಡಿಯ ಕಟಿಂಗ್ ಟೇಬಲ್ ಮುಂದೆ ನಿಂತವಳು ಅವಳು. ಹೊಲಿಯುವವರು ಕೂತು ಹೊಲಿಯಬಹುದು, ಬಟ್ಟೆ ಕತ್ತರಿಸುವವರಿಗೆ ಆ ಭಾಗ್ಯ ಇಲ್ಲ. ಬೆಳಗ್ಗೆ ಒಂಬತ್ತಕ್ಕೆ ಕೊರಳಿಗೆ ಟೇಪು ಹಾಕಿಕೊಂಡರೆ ಸಂಜೆ ಏಳಕ್ಕೆ ತೆಗೆಯುವುದು. ಅಷ್ಟು ಹೊತ್ತೂ ಟೇಬಲ್ಲಿನ ಈ ತುದಿಯಿಂದ ಆ ತುದಿ, ಆ ತುದಿಯಿಂದ ಈ ತುದಿ. ಎಷ್ಟು ಮೈಲಿ ನಡೆದಿದ್ದಾಳೋ ದೇವರಿಗೇ ಗೊತ್ತು, ಅಂಗಡಿಯಿಂದ ಮಾತ್ರ ಆಚೆ ಬಂದಿರಲಿಲ್ಲ. ಅರವತ್ತೊಂದನೇ ವಯಸ್ಸಿಗೆ ಡಾಕ್ಟರು ರಕ್ತದ ರಿಪೋರ್ಟ್ ನೋಡಿ, "ದಿನಾ ಸ್ವಲ್ಪ ನಡೀರಿ ಅಮ್ಮಾ" ಅಂದರು.

ಸ್ವಲ್ಪ ಅಂದವರು ಡಾಕ್ಟರು. ಇವಳಿಗೆ ಸ್ವಲ್ಪ ಅನ್ನುವುದು ಯಾವುದರಲ್ಲೂ ಗೊತ್ತಿಲ್ಲ.

ಊರ ಪಕ್ಕದಲ್ಲಿ, ಸಮುದ್ರದ ಅಂಚಿಗೆ ಒಂದು ಹಳೇ ಕಾಲುದಾರಿ ಇದೆ. ಯಾವುದೋ ಕಾಲದಲ್ಲಿ ಕಡಲ್ಗಳ್ಳರ ಹಡಗು ಬಂತೇನೋ ಅಂತ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ ಪಹರೆಯವರು ಓಡಾಡಿದ ದಾರಿ. ಉದ್ದಕ್ಕೂ ಹನ್ನೆರಡು ಕಲ್ಲಿನ ಬುರುಜು. ಒಂದರ ಮೇಲೆ ನಿಂತರೆ ಮುಂದಿನದು ಕಾಣಬೇಕು, ಹಾಗೆ ಕಟ್ಟಿದ್ದಾರೆ. ಒಂದರಲ್ಲಿ ಬೆಂಕಿ ಹಚ್ಚಿದರೆ ಮುಂದಿನವರು ನೋಡಿ ಹಚ್ಚುತ್ತಿದ್ದರಂತೆ. ಈಗ ಒಳಗೆಲ್ಲ ಪಾರಿವಾಳಗಳ ಸಂಸಾರ. ಮೊದಲ ಬುರುಜಿನ ಹತ್ತಿರ ಒಂದು ಬೋರ್ಡು: ಒಟ್ಟು ನೂರ ಮೂವತ್ತು ಕಿಲೋಮೀಟರ್, ಎಂಟು ದಿನದ ನಡಿಗೆ. ಕೊನೆಯ ಬುರುಜಿನ ಊರಿನ ಹೆಸರು ದಪ್ಪ ಅಕ್ಷರದಲ್ಲಿ. ಅಕ್ಕ ದಿನಾ ಬೆಳಗ್ಗೆ ಅಲ್ಲಿಯವರೆಗೆ ನಡೆದು, ಬೋರ್ಡು ಓದಿ, ವಾಪಸ್ ಬರುತ್ತಿದ್ದಳು. ಆ ದಪ್ಪ ಅಕ್ಷರದ ಊರಲ್ಲಿ ಅವಳ ತಂಗಿ ಇದ್ದಾಳೆ. ಒಂಬತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ.

ಒಂದು ಕಾಲಕ್ಕೆ ಅಂಗಡಿ ಇಬ್ಬರದೂ. ಅಕ್ಕ ಕತ್ತರಿಸುವುದು, ತಂಗಿ ಹೊಲಿಯುವುದು. ಹೀಗಿರುವಾಗ ಟೌನ್ ಹಾಲಿನವರು ವೇದಿಕೆಗೆ ಹೊಸ ಪರದೆ ಬೇಕು ಅಂತ ಗಾಢ ಕೆಂಪು ಮಖಮಲ್ಲು ತಂದು ಹಾಕಿದರು. ಮಖಮಲ್ಲಿನ ಮೈಮೇಲೆ ಸಣ್ಣ ರೋಮ ಇರುತ್ತಲ್ಲ, ಅದು ಒಂದೇ ಕಡೆಗೆ ಮಲಗಿರುತ್ತೆ. ಹೀಗೆ ಸವರಿದರೆ ನುಣುಪು, ಹಾಗೆ ಸವರಿದರೆ ಒರಟು. ಎಲ್ಲ ತುಂಡಿನಲ್ಲೂ ರೋಮ ಒಂದೇ ದಿಕ್ಕಿಗೆ ಬರಬೇಕು, ಇಲ್ಲದಿದ್ದರೆ ದೀಪದ ಬೆಳಕಿಗೆ ಒಂದು ತುಂಡು ಒಂದು ಬಣ್ಣ, ಇನ್ನೊಂದು ಇನ್ನೊಂದು ಬಣ್ಣ. ಇದನ್ನು ನೋಡಿಕೊಳ್ಳುವುದು ಕತ್ತರಿ ಹಿಡಿದವರ ಕೆಲಸ. ಅವತ್ತು ಕರೆಂಟ್ ಹೋಗಿತ್ತು, ಅವಸರ ಬೇರೆ. ಎಂಟು ತುಂಡಿನಲ್ಲಿ ಒಂದನ್ನು ಅಕ್ಕ ತಲೆಕೆಳಗು ಮಾಡಿ ಕತ್ತರಿಸಿಬಿಟ್ಟಳು. ಕೆಳ ಅಂಚಿಗೆ ಕಮಾನು ಬೇರೆ ಕತ್ತರಿಸಿಯಾಗಿತ್ತು, ತಿರುಗಿಸಿ ಜೋಡಿಸುವ ಹಾಗೂ ಇರಲಿಲ್ಲ.

ಉದ್ಘಾಟನೆಯ ದಿನ ದೀಪ ಹಾಕಿದರೆ ಏಳು ತುಂಡು ಕೆಂಪು, ನಟ್ಟನಡುವೆ ಒಂದು ಕಂದು! ಸಭೆಗೆ ಸಭೆಯೇ ನಕ್ಕಿತು. ಮಾರನೇ ದಿನ ಹಾಲಿನ ಸೆಕ್ರೆಟರಿ ಕೆಂಡಾಮಂಡಲವಾಗಿ ಅಂಗಡಿಗೆ ಬಂದ. "ಯಾರದ್ರೀ ಈ ಕೆಲಸ?"

"ಹೊಲಿದಿದ್ದು ನನ್ನ ತಂಗಿ," ಅಂದಳು ಅಕ್ಕ.

ಸುಳ್ಳಲ್ಲ ನೋಡಿ. ಹೊಲಿದಿದ್ದು ತಂಗಿಯೇ. ಆದರೆ ನಿಜ ಹೇಳಿಯೂ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಬಹುದು ಅನ್ನುವುದು ಅವತ್ತು ಗೊತ್ತಾಯಿತು. ಸೆಕ್ರೆಟರಿ ಹತ್ತು ಗಿರಾಕಿಗಳ ಎದುರಿಗೆ ತಂಗಿಯ ನೀರಿಳಿಸಿದ. ತಂಗಿ ಅಕ್ಕನ ಮುಖ ನೋಡಿದಳು. ಅಕ್ಕ ಕೈಯಲ್ಲಿದ್ದ ಕತ್ತರಿ ನೋಡಿದಳು. ತಿಂಗಳು ತುಂಬುವುದರೊಳಗೆ, ಗಂಡನಿಗೆ ದೂರದ ಬಂದರಿನಲ್ಲಿ ಕೆಲಸ ಸಿಕ್ಕಿದೆ ಅಂತ ನೆಪ ಹೇಳಿ ತಂಗಿ ಗಂಟುಮೂಟೆ ಕಟ್ಟಿದಳು.

ಅಕ್ಕ ಸುಮ್ಮನೆ ಕೂತಿರಲಿಲ್ಲ, ಅದನ್ನೂ ಹೇಳಬೇಕು. ಎರಡು ಸಲ ಬಸ್ಸು ಹತ್ತಿ ಹೋಗಿದ್ದಳು. ಮೊದಲ ಸಲ ಬಸ್ ಸ್ಟ್ಯಾಂಡಿನಲ್ಲೇ ಚಹಾ ಕುಡಿದು ವಾಪಸ್. ಎರಡನೇ ಸಲ ತಂಗಿಯ ಹೊಲಿಗೆ ಅಂಗಡಿಯ ಎದುರಿನ ಫುಟ್‌ಪಾತಿನವರೆಗೂ ಹೋದಳು. ಗಾಜಿನ ಆಚೆ ಬಗ್ಗಿದ ತಲೆ ಕಾಣಿಸಿತು, ಕೂದಲು ಬೆಳ್ಳಗಾಗಿತ್ತು. ಐದು ಗಂಟೆಯ ಬಸ್ಸಿಗೆ ಕಾಲಿಗೆ ಬುದ್ಧಿ ಹೇಳಿದಳು.

"ಬಸ್ಸು ಸರಿ ಇಲ್ಲ," ಅಂದಳು ಒಂದು ದಿನ ಗಂಡನ ಹತ್ತಿರ. "ಬೇಗ ತಲುಪಿಸುತ್ತೆ, ಅಷ್ಟೇ ಬೇಗ ವಾಪಸ್ಸೂ ಕರ್ಕೊಂಡು ಬರುತ್ತೆ. ನಡ್ಕೊಂಡು ಹೋಗ್ತೀನಿ. ಎಂಟು ದಿನ ನಡೆದ ಮೇಲೆ ವಾಪಸ್ ಓಡೋಕೆ ಯಾರ ಕೈಲಾಗುತ್ತೆ?"

ಗಂಡ ದೋಣಿ ಕಟ್ಟೆಯಲ್ಲಿ ಟಿಕೆಟ್ ಹರಿದು ನಿವೃತ್ತನಾದ ಮನುಷ್ಯ. ಪೇಪರಿನಿಂದ ತಲೆ ಎತ್ತಲಿಲ್ಲ. "ಹೋಗ್ಬಾ. ಕಿವಿಗೂ ಎಂಟು ದಿನ ರಜ."

"ಒಬ್ಬಳೇ ಹೋಗ್ತೀನಿ ಅಂತಿದೀನಿ, ಭಯ ಆಗಲ್ವಾ ನಿಮಗೆ?"

"ಆಗುತ್ತೆ. ಆ ಬುರುಜುಗಳ ಗತಿ ಏನು ಅಂತ."

ಹಾಗಂದವನೇ ಮಾರನೇ ದಿನ ಬೆಳಗ್ಗೆ ಅವಳ ಬೂಟಿನ ಲೇಸು ತಾನೇ ಕಟ್ಟಿದ. ಎರಡೆರಡು ಗಂಟು ಹಾಕಿದ.

ಮೊದಲ ದಿನ ಅವಳ ಚೀಲ ನೋಡಬೇಕಿತ್ತು. ಎರಡು ಟವೆಲು, ಮೂರು ಸ್ವೆಟರು, ಸೂಜಿಡಬ್ಬಿ, ಇಸ್ತ್ರಿ ಮಾಡಿದ ದಿಂಬಿನ ಕವರು, ಒಂದು ಡಜನ್ ಬೇಯಿಸಿದ ಮೊಟ್ಟೆ. ತಂಗಿಗೆ ಹೇಳಬೇಕಾದ ಮಾತು ಇನ್ನೂ ಭಾರ ಇತ್ತು. ಕರೆಂಟ್ ಹೋಗಿದ್ದು, ಸೆಕ್ರೆಟರಿ ಮೂರು ಸಲ ಆಳು ಕಳಿಸಿ ಅವಸರ ಮಾಡಿದ್ದು, ತನಗೆ ಆ ವಾರ ಕಣ್ಣುರಿ ಇದ್ದಿದ್ದು, ತಂಗಿಯೂ ಒಂದು ಮಾತು ಕೇಳಬಹುದಿತ್ತಲ್ಲ ಅನ್ನುವುದು, ಎಲ್ಲ ಸೇರಿ ಒಂದು ಗಂಟೆಯ ಭಾಷಣ. ಅಲೆಗಳಿಗೆ ಹೇಳುತ್ತಾ ಹೇಳುತ್ತಾ ನಡೆದಳು. ಎರಡನೇ ಬುರುಜಿಗೆ ಬರುವಷ್ಟರಲ್ಲಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು, ಭಾಷಣ ಮಾತ್ರ ಮುಗಿದಿರಲಿಲ್ಲ.

ಮೂರನೇ ಬುರುಜಿನ ಬಳಿ ಬಾಡಿಗೆ ಕೋಣೆ ಕೊಡುವ ಒಬ್ಬ ವಿಧವೆಯ ಮನೆ. ಹಂಚಿನ ಇಳಿಜಾರಿನ ಕೆಳಗೆ ಪುಟ್ಟ ಕೋಣೆ, ಕಬ್ಬಿಣದ ಮಂಚ, ಕಿಟಕಿಗೆ ಹೂವಿನ ಪರದೆ. ಪರದೆಯ ಅಂಚು ಒಂದು ಕಡೆ ಗೇಣುದ್ದ ಜೋತುಬಿದ್ದಿತ್ತು. ಅಕ್ಕನಿಗೆ ತಡೆಯಲಾದೀತೇ? ಸಂಜೆ ಬೆಳಕಿರುವಾಗಲೇ ಬಿಚ್ಚಿ, ಅಳೆದು, ಮಡಚಿ ಹೊಲಿದಳು. ಮನೆಯಾಕೆ ಕಾಫಿ ತಂದವಳು ಬಾಗಿಲಲ್ಲೇ ನಿಂತಳು.

"ಅಯ್ಯೋ, ನೀವ್ಯಾಕೆ ಮಾಡ್ತೀರಿ? ನಾಲ್ಕು ವರ್ಷದಿಂದ ಹಾಗೇ ಇದೆ."

"ಅದಕ್ಕೇ ಮಾಡ್ತಿದೀನಿ. ನಾಲ್ಕು ವರ್ಷ ದಿನಾ ನೋಡ್ತಾ ಹೇಗಿದ್ರಿ ನೀವು?"

"ಅಭ್ಯಾಸ ಆಗುತ್ತೆ ಕಣಮ್ಮಾ," ಅಂದಳು ಆಕೆ, ಮಂಚದ ತುದಿಗೆ ಕೂತು. "ಸರಿಮಾಡ್ಬೇಕು, ಸರಿಮಾಡ್ಬೇಕು ಅನ್ಕೊಂಡೇ ಅಭ್ಯಾಸ ಆಗೋಗುತ್ತೆ."

ಅಕ್ಕ ದಾರ ಕಚ್ಚಿ ತುಂಡರಿಸಿದಳು. ಮಾರನೇ ದಿನ ಒಂದು ಟವೆಲ್ಲು, ಎರಡು ಸ್ವೆಟರು, ದಿಂಬಿನ ಕವರು ಅಲ್ಲೇ ಬಿಟ್ಟು ಹೊರಟಳು. ಭಾಷಣದಿಂದ ಕಣ್ಣುರಿಯನ್ನೂ ತೆಗೆದಳು.

ಆಮೇಲಿನ ದಿನಗಳು ಎಷ್ಟು ಚೆನ್ನಾಗಿದ್ದವು ಅಂದರೆ ತಾನು ಯಾಕೆ ಹೊರಟೆ ಅನ್ನುವುದೂ ಕೆಲವು ಹೊತ್ತು ಮರೆತುಹೋಗುತ್ತಿತ್ತು. ಬೆಳಗಿನ ತಂಗಾಳಿ, ಒದ್ದೆ ಮರಳಿನ ಮೇಲೆ ತನ್ನೊಬ್ಬಳದೇ ಹೆಜ್ಜೆ. ಯಾರೂ ಅರ್ಜೆಂಟ್ ಅನ್ನುವುದಿಲ್ಲ, ಯಾರೂ ಸೊಂಟದ ಸುತ್ತಳತೆ ಕಡಿಮೆ ಹೇಳಿ ಆಮೇಲೆ ಬಿಗಿಯಾಯಿತು ಅಂತ ಜಗಳಕ್ಕೆ ಬರುವುದಿಲ್ಲ. ಒಂದು ಬಂಡೆಯ ಮೇಲೆ ಕೂತು ಬ್ರೆಡ್ಡು, ಬಾಳೆಹಣ್ಣು ತಿಂದು, ಅಲ್ಲೇ ಒಂದು ಗಳಿಗೆ ಕಾಲು ಚಾಚಿದಳು. ಬೊಬ್ಬೆ ಒಣಗಿ ಚರ್ಮ ಗಟ್ಟಿಯಾಗಿತ್ತು. ಅರವತ್ತೊಂದು ವರ್ಷದಲ್ಲಿ ಮೊದಲ ಸಲ ತನ್ನ ಕಾಲನ್ನು ಮೆಚ್ಚಿ ನೋಡಿಕೊಂಡಳು. ಖುಷಿಯಾಯಿತು, ಯಾಕೆ ಸುಳ್ಳು ಹೇಳಬೇಕು, ತುಂಬಾ ಖುಷಿಯಾಯಿತು.

ಏಳನೇ ಬುರುಜಿನ ಪಕ್ಕ ಒಂದು ಹಳೇ ಕೋಟೆ. ಗೋಡೆಯ ಮೇಲೆ ಸಾಲಾಗಿ ತುಕ್ಕು ಹಿಡಿದ ಫಿರಂಗಿಗಳು, ಎಲ್ಲದರ ಬಾಯೂ ಸಮುದ್ರದ ಕಡೆಗೆ. ಕಾವಲಿಗಿದ್ದ ಗಾರ್ಡಿನ ಯೂನಿಫಾರ್ಮಿನ ತೋಳು ಬೆರಳಿನ ತನಕ ಇಳಿದಿತ್ತು.

"ಒಂದೂವರೆ ಇಂಚು ಕಮ್ಮಿ ಮಾಡಿಸ್ಕೊಳ್ಳಪ್ಪಾ," ಅಂದಳು ಅಕ್ಕ, ನಮಸ್ಕಾರ ಗಿಮಸ್ಕಾರ ಇಲ್ಲದೆ. ಆಮೇಲೆ ಫಿರಂಗಿ ತೋರಿಸಿ, "ಇವು ಎಷ್ಟು ಹಡಗು ಮುಳುಗಿಸಿದವು?" ಅಂತ ಕೇಳಿದಳು.

"ಒಂದೂ ಇಲ್ಲಮ್ಮ. ಒಂದು ಸಲವೂ ಹಾರಿಸಿಲ್ಲವಂತೆ. ಶತ್ರು ಬರ್ತಾನೆ, ಬರ್ತಾನೆ ಅಂತ ನೂರು ವರ್ಷ ಮದ್ದು ತುಂಬಿಟ್ಟು ಕಾದರಂತೆ."

ಅಕ್ಕನಿಗೆ ಜೋರಾಗಿ ನಗು ಬಂತು. ಗಾರ್ಡು ಕಕ್ಕಾಬಿಕ್ಕಿಯಾದ. ಅಲ್ಲಿಂದ ಮುಂದೆ ಭಾಷಣದಲ್ಲಿ ಸೆಕ್ರೆಟರಿಯೂ ಇಲ್ಲ, ಕರೆಂಟೂ ಇಲ್ಲ. 'ನೀನೂ ಒಂದು ಮಾತು ಕೇಳಬಹುದಿತ್ತು' ಅನ್ನುವುದನ್ನು ಬಿಡಲು ಮಾತ್ರ ಇನ್ನೆರಡು ಬುರುಜು ಬೇಕಾಯಿತು. ಬಟ್ಟೆಯಲ್ಲಿ ಹೆಚ್ಚುವರಿ ಎಲ್ಲಿದೆ ಅಂತ ಅವಳ ಕಣ್ಣಿಗೆ ತಕ್ಷಣ ಗೊತ್ತಾಗುತ್ತೆ, ಮಾತಿನಲ್ಲಿ ಅದು ಗೊತ್ತಾಗಲು ನೂರು ಕಿಲೋಮೀಟರ್ ನಡೆಯಬೇಕಾಯಿತು. ಏಳನೇ ದಿನ ಸಂಜೆಗೆ ಉಳಿದಿದ್ದು ಇಷ್ಟೇ: ತಪ್ಪು ಕತ್ತರಿಸಿದ್ದು ನಾನು, ನಿನ್ನನ್ನ ಬೈಯುವಾಗ ಸುಮ್ಮನಿದ್ದೆ.

ಎಂಟನೇ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಹನ್ನೊಂದನೇ ಬುರುಜೂ ಹಿಂದೆ ಉಳಿದಿತ್ತು. ದೂರದಲ್ಲಿ ಕೊನೆಯದು, ಅದರ ಹಿಂದೆ ಬಂದರಿನ ಕ್ರೇನುಗಳು. ಬಾಗಿಲು ತೆಗೆಯದಿದ್ದರೆ? ತೆಗೆದು, "ಯಾರು ಬೇಕಿತ್ತು?" ಅಂದರೆ? ಅಕ್ಕ ಹೆಜ್ಜೆ ಸಣ್ಣ ಮಾಡಿದಳು. ಸಮುದ್ರದ ತಡೆಗೋಡೆಯ ಪಕ್ಕದಲ್ಲಿ ಎದುರಿನಿಂದ ಛತ್ರಿ ಹಿಡಿದ ಒಂದು ದಪ್ಪ ಹೆಂಗಸು ಏದುಸಿರು ಬಿಡುತ್ತಾ ಬರುತ್ತಿತ್ತು. ಈ ಬಿಸಿಲಲ್ಲಿ ಯಾರಪ್ಪಾ ಇದು, ಅಂದುಕೊಂಡಳು. ಛತ್ರಿ ಮೇಲಕ್ಕೆದ್ದಿತು. ತಂಗಿ.

"ಭಾವ ಫೋನ್ ಮಾಡಿದ್ರು," ಅಂದಳು ತಂಗಿ, ಎರಡು ಮಾರು ದೂರದಲ್ಲೇ ನಿಂತು. "ಎಂಟು ದಿನದಿಂದ ದಿನಾ ಮಾಡ್ತಿದಾರೆ. ರಾತ್ರಿ ನೀನು ಅವರಿಗೆ ಫೋನ್ ಮಾಡಿದ ಮೇಲೆ ನನಗೆ ಹೇಳ್ತಿದ್ರು, ಎಲ್ಲೀವರೆಗೆ ಬಂದೆ ಅಂತ."

ಅಕ್ಕನಿಗೆ ಈಗ ಹೇಳದಿದ್ದರೆ ಇನ್ನು ಆಗುವುದಿಲ್ಲ ಅಂತ ಗೊತ್ತಿತ್ತು. ನಮಸ್ಕಾರ ಇಲ್ಲ, ಚೆನ್ನಾಗಿದೀಯಾ ಇಲ್ಲ. "ತಪ್ಪು ಕತ್ತರಿಸಿದ್ದು ನಾನು," ಅಂದಳು. "ಅವನು ನಿನ್ನನ್ನ ಬೈಯುವಾಗ ಸುಮ್ಮನಿದ್ದೆ."

ತಂಗಿ ಛತ್ರಿ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ನನಗೆ ಗೊತ್ತಿತ್ತು."

"ಗೊತ್ತಿರಲೇಬೇಕಲ್ಲ. ಕತ್ತರಿ ನಂದೇ ಅಲ್ವಾ."

"ಅದಲ್ಲಕ್ಕಾ. ಅವತ್ತೇ ಗೊತ್ತಿತ್ತು, ಹೊಲಿಯೋದಕ್ಕೆ ಮೊದಲೇ. ಮಿಷನ್ನಿಗೆ ಹಾಕುವಾಗ ಸವರಿದೆ, ಒರಟು ಬಂತು. ಮೂವತ್ತು ವರ್ಷ ಹೊಲಿದವಳಿಗೆ ಗೊತ್ತಾಗಲ್ವಾ? ಆ ವಾರ ನೀನು ಒಂದು ಕೋಟಿನ ಹೊಲಿಗೆ ಮೂರು ಸಲ ಬಿಚ್ಚಿಸಿದ್ದೆ ನನ್ನ ಕೈಲಿ, ಗಿರಾಕಿ ಎದುರಿಗೆ. ಎಲ್ಲರ ಮುಂದೆ ಇವಳ ತಪ್ಪೂ ಒಂದು ಸಲ ಗೊತ್ತಾಗಲಿ ಅನ್ಕೊಂಡು ಹೊಲಿದುಬಿಟ್ಟೆ. ಅವನು ನನಗೆ ಬೈತಾನೆ ಅಂತ ಯಾರಿಗೆ ಗೊತ್ತಿತ್ತು?"

ಅಕ್ಕ ತಡೆಗೋಡೆಯ ಮೇಲೆ ಧೊಪ್ಪನೆ ಕೂತಳು. ಬಾಯಿ ತೆರೆದೇ ಇತ್ತು. ನೂರ ಇಪ್ಪತ್ತೆಂಟು ಕಿಲೋಮೀಟರ್ ನಡೆದು ಇಳಿಸಿದ್ದ ಸಿಟ್ಟು ಅಷ್ಟೂ ಒಂದೇ ಸಲಕ್ಕೆ ನೆತ್ತಿಗೇರಿತು.

"ಏನೇ ನೀನು! ಗೊತ್ತಿದ್ದೂ ಹೊಲಿದ್ಯಾ? ನನ್ನ ಅಂಗಡಿ ಹೆಸರು ಹಾಳಾಗಲಿ ಅಂತ ಹೊಲಿದ್ಯಾ? ಒಂಬತ್ತು ವರ್ಷ ಕಣೇ! ಒಂಬತ್ತು ವರ್ಷ ಅನ್ನ ಗಂಟಲಲ್ಲಿ ಇಳೀತಿರಲಿಲ್ಲ ನನಗೆ!"

"ನಾನೇನು ಕುಣಿದಾಡ್ತಿದ್ನಾ? ಯಾವ ಮುಖ ಇಟ್ಕೊಂಡು ನಿನ್ನ ಹತ್ರ ಬರೋದು?"

ಎದ್ದು ಹೊರಟುಬಿಡಬೇಕು ಅನ್ನಿಸಿತು ಅಕ್ಕನಿಗೆ. ನಿಜವಾಗಿಯೂ ಅನ್ನಿಸಿತು. ಹಿಂದೆ ತಿರುಗಿ ನೋಡಿದಳು. ಹನ್ನೊಂದು ಬುರುಜು. ಇನ್ನೊಂದು ಹೆಜ್ಜೆಯನ್ನೂ ಆ ಕಡೆಗೆ ಇಡುವ ಶಕ್ತಿ ಕಾಲಲ್ಲಿ ಇರಲಿಲ್ಲ, ಮನಸ್ಸಿನಲ್ಲಿ ಅಂತೂ ಮೊದಲೇ ಇರಲಿಲ್ಲ. ಅದಕ್ಕೇ ಕೂತಲ್ಲೇ ಕೂತು ಬೈಯತೊಡಗಿದಳು. ಕೋಟಿನ ವಿಷಯಕ್ಕೆ ಬೈದಳು, ಮಖಮಲ್ಲಿನ ವಿಷಯಕ್ಕೆ ಬೈದಳು, ಇಷ್ಟು ದಪ್ಪ ಆಗಿದ್ದಕ್ಕೆ ಬೈದಳು, ಕೂದಲಿಗೆ ಎಣ್ಣೆ ಹಾಕದಿದ್ದುದಕ್ಕೆ ಬೈದಳು. ತಂಗಿ ಪಕ್ಕಕ್ಕೆ ಬಂದು ಕೂತು, ಇಬ್ಬರಿಗೂ ಆಗುವ ಹಾಗೆ ಛತ್ರಿ ಹಿಡಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು.

ಅಕ್ಕ ಗಾಬರಿಯಾಗಿ ಬಾಯಿ ಮುಚ್ಚಿದಳು.

"ನಿಲ್ಲಿಸಬೇಡಕ್ಕಾ," ಅಂದಳು ತಂಗಿ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ. "ನಮ್ಮ ಮನೆಯವರಿಗೆ ಬೈಯೋಕೇ ಬರಲ್ಲ. ಒಂಬತ್ತು ವರ್ಷದಿಂದ ನನ್ನನ್ನ ಯಾರೂ ಬೈದೇ ಇಲ್ಲ."