ಕಿವಿಗೆ ಕಾಣದ ಗೆರೆ

ಆ ಎರಡು ವರ್ಷ ಮಳೆ ಕೈಕೊಟ್ಟಿತ್ತು. ಬೀದರದ ನಮ್ಮ ಸ್ನಾತಕೋತ್ತರ ಕೇಂದ್ರದಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಹಿಂದಿನ ಬೆಂಚುಗಳು ಒಂದೊಂದಾಗಿ ಖಾಲಿಯಾದವು. ವಿದ್ಯಾರ್ಥಿಗಳು ಮನೆಯವರ ಜೊತೆ ಹೈದರಾಬಾದಿಗೆ, ಪುಣೆಗೆ ದುಡಿಯಲು ಹೊರಟಿದ್ದರು. ಹೋದವರಿಗೂ ಪಾಠ ಮುಟ್ಟಲಿ ಎಂದು ವಿಶ್ವವಿದ್ಯಾಲಯದವರು ಒಂದು ಪುಟ್ಟ ರೆಕಾರ್ಡರು, ಅಂಗಿಗೆ ಸಿಕ್ಕಿಸುವ ಮೈಕು ಕಳಿಸಿಕೊಟ್ಟರು.

ನನಗೆ ಸಿಟ್ಟು ಬಂತು. ಗುರುಶಿಷ್ಯರ ಸಂಬಂಧ ಏನಾಗಬೇಕು ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಬಿಗಿದೆ. ನಿಜವಾದ ಹೆದರಿಕೆ ಬೇರೆಯೇ ಇತ್ತು. ಪ್ರತಿ ವರ್ಷ ಆಗಷ್ಟೇ ಹೊಳೆದವೆಂಬಂತೆ ಹೇಳುತ್ತಿದ್ದ ನನ್ನ ಏಳೆಂಟು ಜೋಕುಗಳು ಒಮ್ಮೆ ರೆಕಾರ್ಡಾದರೆ ಮುಂದಿನ ವರ್ಷ ನಾನು ಏನು ಹೇಳಲಿ?

ಕೊನೆಗೆ ಮಣಿದದ್ದು ಔರಾದ ಕಡೆಯ ಒಬ್ಬ ಹುಡುಗಿಗಾಗಿ. ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದ ತಂದೆತಾಯಿಯ ಜೊತೆ ಅವಳೂ ಇದ್ದಳು. ಹಾಜರಿ ಇಲ್ಲದಿದ್ದರೂ ಬಂದು ಪರೀಕ್ಷೆ ಬರೆಯಲು ಅನುಮತಿ ಸಿಕ್ಕಿತ್ತು. ಆದರೆ ಹಿಂದಿನ ಸಲ ನನ್ನ ಪತ್ರಿಕೆಯಲ್ಲೇ ಫೇಲಾಗಿದ್ದಳು. ಈ ಸಲವೂ ಫೇಲಾದರೆ ಓದು ಸಾಕು ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದ.

ಮೊದಲ ಪಾಠ ಅವಳ ಮೊಬೈಲಿಗೆ ಕಳಿಸಿ ಹೊಗಳಿಕೆಗೆ ಕಾದು ಕುಳಿತೆ. ಮೂರನೆಯ ದಿನ ಅವಳ ಫೋನು ಬಂತು.

"ಸರ, ಇದು ಹಿಂಗ ಬಂತು, ಅದು ಹಂಗ ಹೋತು, ಇಲ್ಲಿ ಕೂಡ್ತು ಅಂತೀರಿ. ಇದು ಅಂದ್ರ ಯಾವದ್ರಿ? ಅದು ಅಂದ್ರ ಯಾವದು?"

"ಬೋರ್ಡಿನ ಮ್ಯಾಲ ಬರದೀನಲ್ಲವಾ."

"ಬೋರ್ಡು ನನಗ ಹ್ಯಾಂಗ ಕೇಳಸ್ತದ್ರಿ ಸರ? ನೀವು ತಿಳೀತೇನು ಅಂತೀರಿ, ಕ್ಲಾಸಿನಾಗ ಎಲ್ಲಾರೂ ಹೂಂ ಅಂತಾರ. ನಾ ಒಬ್ಬಾಕಿ ಇಲ್ಲಿ ಕುಂತು ಇಲ್ರಿ ಇಲ್ರಿ ಅಂತ ಒದರ್ತೇನಿ. ನೀವು ಮುಂದ ಹೋಗೇ ಬಿಡ್ತೀರಿ."

ಆ ಸಂಜೆ ಭಾಲ್ಕಿಯ ಮನೆಗೆ ಹೋಗುವಾಗ ರೈಲಿನಲ್ಲಿ ನನ್ನ ಪಾಠ ನಾನೇ ಕೇಳಿದೆ. ಇದು, ಅದು, ಸೀಮೆಸುಣ್ಣದ ಕಿರ್ರೆಂಬ ಸದ್ದು, ನನ್ನ ಕೆಮ್ಮು. ಜೋಕಿಗೆ ನಕ್ಕವನು ಒಬ್ಬನೇ, ಅವನ ಆಂತರಿಕ ಅಂಕ ಇನ್ನೂ ನನ್ನ ಕೈಯಲ್ಲಿತ್ತು. ನಾನು ಇಷ್ಟು ವರ್ಷ ಕೈಯಿಂದ ಪಾಠ ಮಾಡಿದ್ದೆ, ಬಾಯಿ ಸುಮ್ಮನೆ ಜೊತೆಗಿತ್ತು.

ಮರುದಿನ ಕೈ ಹಿಂದೆ ಕಟ್ಟಿಕೊಂಡು, ಶಿಕ್ಷೆಗೆ ನಿಂತವರ ಹಾಗೆ ನಿಂತು, ಅದೇ ಪಾಠ ಮತ್ತೆ ಹೇಳಿದೆ. ಬೆರಳು ತೋರಿಸದೆ ಬೇಡಿಕೆಯ ಗೆರೆ ಎಳೆಯುವುದಕ್ಕೆ ಬೆವರಿಳಿಯಿತು. ಕೊನೆಗೆ ಟ್ಯಾಂಕರಿನ ನೀರು ನೆನಪಾಯಿತು. "ಕೊಡಕ್ಕ ಎರಡು ರೂಪಾಯಿ ಇದ್ದಾಗ ಹತ್ತು ಕೊಡ ಕೊಂಡಾಕಿ, ಐದು ರೂಪಾಯಿ ಆದ್ರ ನಾಕು ಕೊಳ್ತಾಳ. ರೇಟು ಏರಿದಂಗ ಕೊಡ ಕಡಿಮಿ. ಅದಕ್ಕಽ ಗೆರಿ ಎಡಕ್ಕ ಮ್ಯಾಲಿಂದ ಬಲಕ್ಕ ಕೆಳಗ ಇಳೀತದ." ಉಳಿದ ಪಾಠಗಳನ್ನೂ ಹೀಗೆಯೇ ಮಾಡಿ ಕಳಿಸಿದೆ. ಹುಡುಗಿ ಬಂದಳು, ಪರೀಕ್ಷೆ ಬರೆದಳು, ಅಂದೇ ಬಸ್ಸು ಹತ್ತಿದಳು.

ಫಲಿತಾಂಶದ ದಿನ ಫೋನು ಮಾಡಿ ಪಾಸಾದೆ ಎಂದಾಗ ಅವಳಿಗಿಂತ ನನಗೇ ಹೆಚ್ಚು ಖುಷಿಯಾಯಿತು. ನನ್ನನ್ನು ನಾನೇ ಮನಸಾರೆ ಹೊಗಳಿಕೊಳ್ಳುತ್ತಿರುವಾಗ ಅವಳ ತಾಯಿ ಫೋನು ಇಸಿದುಕೊಂಡಳು.

"ಭಾಳ ಉಪಕಾರ ಆತ್ರಿ ಸರ. ಆಕಿ ಅಪ್ಪ ಇನ್ನ ಓದು ಬಿಡಸಂಗಿಲ್ಲ ಅಂದಾನ್ರಿ. ಒಂದು ಮಾತು ಕೇಳ್ಲೇನ್ರಿ? ರೊಟ್ಟಿ ಬಡಿಯುವಾಗ ದಿನಾ ನಿಮ್ಮ ಪಾಠ ನಾನೂ ಕೇಳೀನಿ. ನೀರಿನ ರೇಟು ಏರಿದ್ರ ನಾಕು ಕೊಡ ಕೊಳ್ತಾರಂದ್ರಿ. ನಾವು ನಾಕೂ ಕೊಳ್ಳಲಿಲ್ರಿ, ಊರಽ ಬಿಟ್ಟು ಬಂದೇವಿ. ಆ ಗೆರಿ ಮ್ಯಾಲ ನಾವು ಎಲ್ಲಿ ಅದೇವ್ರಿ?"

ಇಪ್ಪತ್ತು ವರ್ಷ ಆ ಗೆರೆ ಎಳೆದಿದ್ದೆ, ಅದರಿಂದ ಹೊರಗೆ ಬಿದ್ದವರ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು.

"ನನಗ ಗೊತ್ತಿಲ್ಲರಿ ಅಕ್ಕಾ," ಅಂದೆ.

"ಇರ್ಲಿ ಬಿಡ್ರಿ ಸರ," ಎಂದು ಆಕೆಯೇ ಸಮಾಧಾನ ಮಾಡಿದಳು. "ಮುಂದಿನ ಸಲ ಓದ್ಕೊಂಡು ಹೇಳ್ರಿ."